ಮೈಕ್ರೋಕಂಟ್ರೋಲರ್ ಅಭಿವೃದ್ಧಿ ಬೋರ್ಡ್

ಮೈಕ್ರೋಕಂಟ್ರೋಲರ್ ಅಭಿವೃದ್ಧಿ ಬೋರ್ಡ್ ಎಂದರೆ ಒಂದು ಮೈಕ್ರೋಕಂಟ್ರೋಲರ್ ಚಿಪ್ಪನ್ನೂ ಅದು ಕೆಲಸ ಮಾಡಲು ಬೇಕಾದ ವಿದ್ಯುತ್ ಪೂರೈಕೆ, ಗಡಿಯಾರ ಸಂಕೇತ, ಯುಎಸ್‌ಬಿ ಸಂಪರ್ಕ ಮತ್ತು ಜೋಡಣೆಯ ಪಿನ್ನುಗಳನ್ನೂ ಒಂದೇ ಮುದ್ರಿತ ಮಂಡಲದ ಮೇಲೆ ಅಳವಡಿಸಿದ ಸಾಧನ. ಬಿಡಿ ಚಿಪ್ಪನ್ನು ಬಳಸಲು ಪ್ರತ್ಯೇಕ ಪ್ರೋಗ್ರಾಮರ್ ಉಪಕರಣ, ಬೆಸುಗೆಯ ಕೌಶಲ ಮತ್ತು ಮಂಡಲ ವಿನ್ಯಾಸದ ತಿಳಿವಳಿಕೆ ಬೇಕಾಗುತ್ತದೆ. ಅಭಿವೃದ್ಧಿ ಬೋರ್ಡ್ ಈ ತೊಡಕುಗಳನ್ನು ನಿವಾರಿಸುವುದರಿಂದ ವಿದ್ಯಾರ್ಥಿಗಳು, ಹವ್ಯಾಸಿಗಳು ಮತ್ತು ಕೃಷಿಕರು ಕೂಡ ತಮಗೆ ಬೇಕಾದ ಸ್ವಯಂಚಾಲಿತ ಸಾಧನಗಳನ್ನು ತಯಾರಿಸಬಹುದಾಗಿದೆ. ಆರ್ಡುಯಿನೊ, ಇಎಸ್‌ಪಿ32, ರಾಸ್ಪ್‌ಬೆರಿ ಪೈ ಪಿಕೊ ಮತ್ತು ಬಿಬಿಸಿ ಮೈಕ್ರೋಬಿಟ್ ಈ ವರ್ಗದ ಪ್ರಸಿದ್ಧ ಬೋರ್ಡುಗಳು.

ಕರ್ನಾಟಕದಲ್ಲಿ ಇಂತಹ ಬೋರ್ಡುಗಳ ಬಳಕೆ ಮುಖ್ಯವಾಗಿ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಶಿಕ್ಷಣದ ಮೂಲಕ ಹರಡಿದೆ. ಮಣಿಪಾಲ, ಕಾರ್ಕಳ ತಾಲೂಕಿನ ನಿಟ್ಟೆ ಮತ್ತು ಕಾಪು ತಾಲೂಕಿನ ಬಂಟಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿರುವ ಉಡುಪಿ ಜಿಲ್ಲೆ ಇದಕ್ಕೆ ಒಂದು ಉದಾಹರಣೆ. ಕರಾವಳಿಯ ಭಾರಿ ಮಳೆ, ಉಪ್ಪುಗಾಳಿ, ಸಿಡಿಲು ಮತ್ತು ವಿದ್ಯುತ್ ಕಡಿತಗಳು ಇಲ್ಲಿನ ಯೋಜನೆಗಳ ವಿನ್ಯಾಸದ ಮೇಲೆ ನೇರ ಪರಿಣಾಮ ಬೀರುತ್ತವೆ.

ಮೈಕ್ರೋಕಂಟ್ರೋಲರ್ ಮತ್ತು ಗಣಕದ ವ್ಯತ್ಯಾಸ

ಸಾಮಾನ್ಯ ಗಣಕದಲ್ಲಿ ಸಂಸ್ಕಾರಕ, ಸ್ಮೃತಿ ಮತ್ತು ಸಂಗ್ರಹಣಾ ಸಾಧನಗಳು ಬೇರೆ ಬೇರೆಯಾಗಿರುತ್ತವೆ. ಮೈಕ್ರೋಕಂಟ್ರೋಲರ್‌ನಲ್ಲಿ ಇವೆಲ್ಲವೂ ಒಂದೇ ಚಿಪ್ಪಿನೊಳಗೆ ಅಡಕವಾಗಿರುತ್ತವೆ. ಅದರಲ್ಲಿ ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆ ಇರುವುದಿಲ್ಲ. ವಿದ್ಯುತ್ ಹರಿದ ಕೂಡಲೇ ಒಳಗೆ ಬರೆದಿಟ್ಟ ಒಂದೇ ಪ್ರೋಗ್ರಾಮ್ ಆರಂಭವಾಗಿ, ವಿದ್ಯುತ್ ನಿಲ್ಲುವವರೆಗೆ ಪುನರಾವರ್ತನೆಯಾಗುತ್ತದೆ. ತೊಳೆಯುವ ಯಂತ್ರ, ದೂರನಿಯಂತ್ರಕ, ವಿದ್ಯುತ್ ಮೀಟರ್ ಮತ್ತು ವಾಹನಗಳಲ್ಲಿ ಇಂತಹ ಚಿಪ್ಪುಗಳು ಕೆಲಸ ಮಾಡುತ್ತವೆ.

ಹೆಸರಿನ ಸಾಮ್ಯದಿಂದಾಗಿ ರಾಸ್ಪ್‌ಬೆರಿ ಪೈ ಮತ್ತು ರಾಸ್ಪ್‌ಬೆರಿ ಪೈ ಪಿಕೊ ಒಂದೇ ಬಗೆಯವೆಂದು ಭಾವಿಸುವುದುಂಟು. ಮೊದಲನೆಯದು ಲಿನಕ್ಸ್ ನಡೆಸಬಲ್ಲ ಪುಟ್ಟ ಗಣಕ. ಎರಡನೆಯದು ಮೈಕ್ರೋಕಂಟ್ರೋಲರ್ ಬೋರ್ಡ್. ಚಿತ್ರಗಳನ್ನು ಗುರುತಿಸುವಂತಹ ಭಾರವಾದ ಕೆಲಸಕ್ಕೆ ಮೊದಲನೆಯದು ತಕ್ಕುದು. ನಿಖರ ಸಮಯಕ್ಕೆ ಒಂದು ಪಿನ್ನನ್ನು ಚಾಲೂ ಅಥವಾ ಬಂದ್ ಮಾಡುವ, ಬ್ಯಾಟರಿಯಲ್ಲಿ ದೀರ್ಘಕಾಲ ನಡೆಯಬೇಕಾದ ಕೆಲಸಕ್ಕೆ ಎರಡನೆಯದು ಸೂಕ್ತ.

ಇತಿಹಾಸ

ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಕಂಪನಿಯ ಎಂಜಿನಿಯರುಗಳಾದ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ 1971ರಲ್ಲಿ ಮೈಕ್ರೋಕಂಟ್ರೋಲರನ್ನು ರೂಪಿಸಿದರು. ಅದರ ಸುಧಾರಿತ ರೂಪವಾದ ಟಿಎಂಎಸ್1000 ಚಿಪ್ 1974ರಲ್ಲಿ ಮಾರುಕಟ್ಟೆಗೆ ಬಂದಿತು. ಇಂಟೆಲ್ ಕಂಪನಿ 1976ರಲ್ಲಿ 8048 ಮತ್ತು 1980ರಲ್ಲಿ 8051 ಚಿಪ್ಪುಗಳನ್ನು ಬಿಡುಗಡೆ ಮಾಡಿತು. ಇವುಗಳಲ್ಲಿ 8051ರ ರಚನೆಯನ್ನು ಅನೇಕ ಕಂಪನಿಗಳು ಅನುಸರಿಸಿದವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿಯೂ ಅದು ಹಲವು ವರ್ಷಗಳ ಕಾಲ ಮುಖ್ಯ ಪಾಠವಾಗಿತ್ತು.

ಆರಂಭದ ಚಿಪ್ಪುಗಳಲ್ಲಿ ಪ್ರೋಗ್ರಾಮನ್ನು ಅಳಿಸಿ ಮತ್ತೆ ಬರೆಯುವುದು ಕಷ್ಟಕರವಾಗಿತ್ತು. ಕೆಲವನ್ನು ಒಮ್ಮೆ ಮಾತ್ರ ಬರೆಯಬಹುದಿತ್ತು. ಕೆಲವನ್ನು ಅತಿನೇರಳೆ ಬೆಳಕಿಗೆ ಒಡ್ಡಿ ಅಳಿಸಬೇಕಾಗಿತ್ತು. ಮೈಕ್ರೋಚಿಪ್ ಕಂಪನಿ 1993ರಲ್ಲಿ ತಂದ ಪಿಐಸಿ16ಸಿ84 ಚಿಪ್ಪಿನ ಪ್ರೋಗ್ರಾಮ್ ಸ್ಮೃತಿಯನ್ನು ವಿದ್ಯುತ್ತಿನ ಮೂಲಕವೇ ಅಳಿಸಲು ಸಾಧ್ಯವಾಯಿತು. ನಾರ್ವೆಯ ಆಲ್ಫ್-ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲ್ಲಾನ್ ಅವರ ವಿದ್ಯಾರ್ಥಿ ದೆಸೆಯ ವಿನ್ಯಾಸದಿಂದ ಬೆಳೆದ ಎವಿಆರ್ ಶ್ರೇಣಿಯನ್ನು ಆಟ್ಮೆಲ್ ಕಂಪನಿ ತಯಾರಿಸಿತು. 2016ರಲ್ಲಿ ಮೈಕ್ರೋಚಿಪ್ ಕಂಪನಿ ಆಟ್ಮೆಲನ್ನು ಕೊಂಡುಕೊಂಡಿತು.

ಆರ್ಡುಯಿನೊ ಯೋಜನೆ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರಲ್ಲಿ ಆರಂಭವಾಯಿತು. ಮಸ್ಸಿಮೊ ಬಾಂಜಿ, ಡೇವಿಡ್ ಕ್ವಾರ್ಟಿಯೆಲೆಸ್, ಟಾಮ್ ಇಗೊ, ಜಾನ್‌ಲೂಕಾ ಮಾರ್ಟಿನೊ ಮತ್ತು ಡೇವಿಡ್ ಮೆಲಿಸ್ ಇದರ ಸ್ಥಾಪಕರು. ಅದೇ ಸಂಸ್ಥೆಯ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್ ತನ್ನ ಪದವಿ ಪ್ರಬಂಧಕ್ಕಾಗಿ ರೂಪಿಸಿದ ವೈರಿಂಗ್ ಎಂಬ ವೇದಿಕೆ ಇದರ ತಳಹದಿ. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳಿಗೂ ಅಗ್ಗವಾಗಿ, ಸುಲಭವಾಗಿ ಬಳಸಲು ಬರುವ ಬೋರ್ಡ್ ಒದಗಿಸುವುದು ಯೋಜನೆಯ ಗುರಿಯಾಗಿತ್ತು. ಇವ್ರಿಯಾದ ಒಂದು ಬಾರಿನ ಹೆಸರಿನಿಂದ ಬೋರ್ಡಿಗೆ ಈ ಹೆಸರು ಬಂದಿತು. 11ನೆಯ ಶತಮಾನದ ಆರಂಭದಲ್ಲಿ ಇಟಲಿಯ ದೊರೆಯಾಗಿದ್ದ ಆರ್ಡುಯಿನ್‌ನ ಹೆಸರನ್ನು ಆ ಬಾರಿಗೆ ಇಡಲಾಗಿತ್ತು. ಅಮೆರಿಕದ ಕ್ವಾಲ್‌ಕಾಮ್ ಕಂಪನಿ ಆರ್ಡುಯಿನೊ ಸಂಸ್ಥೆಯನ್ನು ಕೊಳ್ಳುವುದಾಗಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು.

ಆರ್ಡುಯಿನೊ ಬೋರ್ಡುಗಳ ನಕ್ಷೆಯನ್ನು ಮುಕ್ತ ಪರವಾನಗಿಯಡಿ ಪ್ರಕಟಿಸಲಾಗಿದೆ. ಆದುದರಿಂದ ಬೇರೆ ತಯಾರಕರು ಅದೇ ಬಗೆಯ ಬೋರ್ಡುಗಳನ್ನು ತಯಾರಿಸಿ ಮಾರುವುದು ನಿಯಮಬಾಹಿರವಲ್ಲ. ಆರ್ಡುಯಿನೊ ಎಂಬ ಹೆಸರು ಮತ್ತು ಚಿಹ್ನೆ ಮಾತ್ರ ವ್ಯಾಪಾರ ಮುದ್ರೆಗಳಾಗಿದ್ದು, ಅವುಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದ ಬೋರ್ಡುಗಳು ನಕಲಿ ಎನಿಸಿಕೊಳ್ಳುತ್ತವೆ. ಭಾರತದಲ್ಲಿ ಮಾರಾಟವಾಗುವ ಅಗ್ಗದ ಬೋರ್ಡುಗಳಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಸಾಮಾನ್ಯ. ಗಣಕವು ಬೋರ್ಡನ್ನು ಗುರುತಿಸದಿದ್ದರೆ ಈ ಚಿಪ್ಪಿನ ಚಾಲಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಬಹುದು.

ಪ್ರಮುಖ ಬೋರ್ಡುಗಳು

ಆರ್ಡುಯಿನೊ ಊನೊ: 2010ರಲ್ಲಿ ಬಿಡುಗಡೆಯಾಯಿತು. ಇಟಾಲಿಯನ್ ಭಾಷೆಯಲ್ಲಿ ಊನೊ ಎಂದರೆ ಒಂದು. ಇದರ ಮೂರನೆಯ ಆವೃತ್ತಿಯಲ್ಲಿ 16 ಮೆಗಾಹರ್ಟ್ಸ್ ವೇಗದ ಎಟಿಮೆಗಾ328ಪಿ ಚಿಪ್, 32 ಕಿಲೋಬೈಟ್ ಫ್ಲ್ಯಾಶ್ ಸ್ಮೃತಿ, 2 ಕಿಲೋಬೈಟ್ ಕಾರ್ಯಸ್ಮೃತಿ ಮತ್ತು 1 ಕಿಲೋಬೈಟ್ ಇಇಪ್ರಾಮ್ ಇವೆ. ಪಿನ್ನುಗಳು 5 ವೋಲ್ಟ್ ಮಟ್ಟದಲ್ಲಿ ಕೆಲಸ ಮಾಡುತ್ತವೆ. 14 ಡಿಜಿಟಲ್ ಮತ್ತು 6 ಅನಲಾಗ್ ಪಿನ್ನುಗಳಿವೆ. 2023ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ರೆನೆಸಾಸ್ ಕಂಪನಿಯ 32 ಬಿಟ್ ಚಿಪ್ ಬಳಸಲಾಗಿದೆ.

ಇಎಸ್‌ಪಿ8266 ಮತ್ತು ಇಎಸ್‌ಪಿ32: ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಚಿಪ್ಪುಗಳು. ಮೊದಲನೆಯದು 2014ರಲ್ಲಿ ಹವ್ಯಾಸಿಗಳ ಗಮನ ಸೆಳೆಯಿತು; ಅದನ್ನು ಆಧರಿಸಿದ ನೋಡ್‌ಎಂಸಿಯು ಬೋರ್ಡ್ ಜನಪ್ರಿಯವಾಯಿತು. 2016ರಲ್ಲಿ ಬಂದ ಇಎಸ್‌ಪಿ32ರಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಇವೆ. ಅದರ ಮೂಲ ಆವೃತ್ತಿಯ ಎರಡು ಸಂಸ್ಕಾರಕ ಘಟಕಗಳು 240 ಮೆಗಾಹರ್ಟ್ಸ್‌ವರೆಗಿನ ವೇಗದಲ್ಲಿ ನಡೆಯಬಲ್ಲವು. ಇವುಗಳ ಪಿನ್ನುಗಳು 3.3 ವೋಲ್ಟ್ ಮಟ್ಟದವು.

ರಾಸ್ಪ್‌ಬೆರಿ ಪೈ ಪಿಕೊ: 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಆರ್‌ಪಿ2040 ಎಂಬ ಚಿಪ್, 264 ಕಿಲೋಬೈಟ್ ಕಾರ್ಯಸ್ಮೃತಿ ಮತ್ತು 2 ಮೆಗಾಬೈಟ್ ಫ್ಲ್ಯಾಶ್ ಹೊಂದಿದೆ. ವೈಫೈ ಇರುವ ಆವೃತ್ತಿ 2022ರಲ್ಲಿ, ಪಿಕೊ 2 ಆವೃತ್ತಿ 2024ರಲ್ಲಿ ಬಂದವು.

ಬಿಬಿಸಿ ಮೈಕ್ರೋಬಿಟ್: ಶಾಲಾ ಮಕ್ಕಳಿಗಾಗಿ ರೂಪಿಸಿದ ಬೋರ್ಡ್. 2016ರಲ್ಲಿ ಬ್ರಿಟನ್ನಿನ ಸುಮಾರು 10 ಲಕ್ಷ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಲಾಯಿತು. ಮೇಲ್ಭಾಗದಲ್ಲಿ 25 ಎಲ್‌ಇಡಿಗಳ ಚೌಕವಿದೆ.

ಏರೀಸ್: ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ವಿನ್ಯಾಸಗೊಳಿಸಿದ ಭಾರತೀಯ ಬೋರ್ಡ್. ಮುಕ್ತ ರಚನೆಯಾದ ರಿಸ್ಕ್-ಫೈವ್ ಆಧರಿಸಿದ ವೇಗಾ ಶ್ರೇಣಿಯ ಸಂಸ್ಕಾರಕವಿರುವ ತೇಜಸ್32 ಚಿಪ್ಪನ್ನು ಇದರಲ್ಲಿ ಬಳಸಲಾಗಿದೆ. ಆರ್ಡುಯಿನೊ ತಂತ್ರಾಂಶದಿಂದಲೇ ಇದಕ್ಕೆ ಪ್ರೋಗ್ರಾಮ್ ಬರೆಯಬಹುದು.

ಪ್ರೋಗ್ರಾಮ್ ಬರೆಯುವ ವಿಧಾನ

ಆರ್ಡುಯಿನೊ ಪ್ರೋಗ್ರಾಮನ್ನು ಸ್ಕೆಚ್ ಎನ್ನುತ್ತಾರೆ. ಅದರಲ್ಲಿ ಎರಡು ಭಾಗಗಳು ಕಡ್ಡಾಯ. ಸೆಟಪ್ ಎಂಬ ಭಾಗ ವಿದ್ಯುತ್ ಬಂದಾಗ ಒಮ್ಮೆ ಮಾತ್ರ ನಡೆಯುತ್ತದೆ. ಲೂಪ್ ಎಂಬ ಭಾಗ ನಿರಂತರವಾಗಿ ಪುನರಾವರ್ತನೆಯಾಗುತ್ತದೆ. ಭಾಷೆ ಮೂಲತಃ ಸಿ++. ಗಣಕದಲ್ಲಿ ಬರೆದ ಪ್ರೋಗ್ರಾಮ್ ಯಂತ್ರಭಾಷೆಗೆ ಪರಿವರ್ತನೆಯಾಗಿ ಯುಎಸ್‌ಬಿ ಮೂಲಕ ಚಿಪ್ಪಿನ ಫ್ಲ್ಯಾಶ್ ಸ್ಮೃತಿಗೆ ಸೇರುತ್ತದೆ. ವಿದ್ಯುತ್ ಹೋದರೂ ಅದು ಅಳಿಯುವುದಿಲ್ಲ.

ಆಸ್ಟ್ರೇಲಿಯಾದ ಡೇಮಿಯನ್ ಜಾರ್ಜ್ 2013ರಲ್ಲಿ ಆರಂಭಿಸಿದ ಮೈಕ್ರೋಪೈಥಾನ್ ಯೋಜನೆಯಿಂದ ಪೈಥಾನ್ ಭಾಷೆಯಲ್ಲಿಯೂ ಮೈಕ್ರೋಕಂಟ್ರೋಲರುಗಳನ್ನು ನಡೆಸಬಹುದಾಗಿದೆ. ಕಾರ್ಯಸ್ಮೃತಿ ಹೆಚ್ಚಿರುವ ಪಿಕೊ ಮತ್ತು ಇಎಸ್‌ಪಿ32ಗಳಿಗೆ ಇದು ಹೊಂದುತ್ತದೆ. 2 ಕಿಲೋಬೈಟ್ ಕಾರ್ಯಸ್ಮೃತಿಯ ಊನೊಗೆ ಹೊಂದುವುದಿಲ್ಲ. ಬೋರ್ಡ್ ಕೊಳ್ಳುವ ಮೊದಲು ಟಿಂಕರ್‌ಕ್ಯಾಡ್ ಅಥವಾ ವೊಕ್ವಿಯಂತಹ ಅನುಕರಣ ತಾಣಗಳಲ್ಲಿ ಉಚಿತವಾಗಿ ಅಭ್ಯಾಸ ಮಾಡಬಹುದು.

ಆರಂಭಿಕರ ಲೆಕ್ಕಾಚಾರಗಳು

ಮೊದಲ ಪ್ರಯೋಗ ಸಾಮಾನ್ಯವಾಗಿ ಒಂದು ಎಲ್‌ಇಡಿಯನ್ನು ಮಿನುಗಿಸುವುದು. 5 ವೋಲ್ಟ್ ಪಿನ್ನಿಗೆ ಕೆಂಪು ಎಲ್‌ಇಡಿ ಜೋಡಿಸಿದಾಗ ಅದರಲ್ಲಿ ಸುಮಾರು 2 ವೋಲ್ಟ್ ಇಳಿಯುತ್ತದೆ. ಉಳಿದ 3 ವೋಲ್ಟನ್ನು ರೆಸಿಸ್ಟರ್ ತಡೆಯಬೇಕು. 15 ಮಿಲಿಆಂಪಿಯರ್ ಹರಿಯಬೇಕೆಂದರೆ ಓಮ್ ನಿಯಮದಂತೆ 200 ಓಮ್ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಸಮೀಪದ ಬೆಲೆಯ ರೆಸಿಸ್ಟರ್ 220 ಓಮ್. ಮೋಟಾರು ಅಥವಾ ರಿಲೇ ಸುರುಳಿಯನ್ನು ಪಿನ್ನಿಗೆ ನೇರವಾಗಿ ಜೋಡಿಸಬಾರದು. ಊನೊದ ಪ್ರತಿ ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಪಡೆಯುವುದು ಉಚಿತವಲ್ಲ. ಹೆಚ್ಚಿನ ಹೊರೆಗೆ ಟ್ರಾನ್ಸಿಸ್ಟರ್ ಬೇಕು. ಸುರುಳಿಗೆ ಅಡ್ಡಲಾಗಿ ಡಯೋಡ್ ಕೂಡ ಬೇಕು.

ಊನೊದ ಅನಲಾಗ್ ಪಿನ್ನು 0ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು 1024 ಹಂತಗಳಾಗಿ ಅಳೆಯುತ್ತದೆ. ಒಂದು ಹಂತವೆಂದರೆ ಸುಮಾರು 4.9 ಮಿಲಿವೋಲ್ಟ್. ಇದಕ್ಕಿಂತ ಸೂಕ್ಷ್ಮ ವ್ಯತ್ಯಾಸವನ್ನು ಬೋರ್ಡ್ ಗುರುತಿಸಲಾರದು.

ವೋಲ್ಟ್ ಮಟ್ಟದ ಗೊಂದಲ ಬೋರ್ಡುಗಳು ಕೆಡಲು ಒಂದು ಸಾಮಾನ್ಯ ಕಾರಣ. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸಂವೇದಕವು 5 ವೋಲ್ಟಿನ ಪ್ರತಿಧ್ವನಿ ಸಂಕೇತವನ್ನು ಕೊಡುತ್ತದೆ. ಅದನ್ನು ಇಎಸ್‌ಪಿ32ರ 3.3 ವೋಲ್ಟ್ ಪಿನ್ನಿಗೆ ನೇರವಾಗಿ ಕೊಟ್ಟರೆ ಚಿಪ್ಪಿಗೆ ಹಾನಿಯಾಗಬಹುದು. 1 ಮತ್ತು 2 ಕಿಲೋಓಮಿನ ಎರಡು ರೆಸಿಸ್ಟರುಗಳ ಒತ್ತಡ ವಿಭಾಜಕವನ್ನು ನಡುವೆ ಇಟ್ಟರೆ ಸಂಕೇತ 3.3 ವೋಲ್ಟಿಗೆ ಇಳಿಯುತ್ತದೆ.

ಉಡುಪಿ ಜಿಲ್ಲೆಯಲ್ಲಿ

ಶಿಕ್ಷಣ ಸಂಸ್ಥೆಗಳು

ಡಾ. ಟಿ.ಎಂ.ಎ. ಪೈ ಅವರು 1957ರಲ್ಲಿ ಸ್ಥಾಪಿಸಿದ ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಇಂದು ಮಣಿಪಾಲ ತಾಂತ್ರಿಕ ಸಂಸ್ಥೆ ಎಂದು ಹೆಸರಾಗಿದೆ. ರೋಬೊಮಣಿಪಾಲ, ಪ್ರಾಜೆಕ್ಟ್ ಮಾನಸ್ ಮತ್ತು ಸೋಲಾರ್‌ಮೊಬಿಲ್ ಇಲ್ಲಿನ ವಿದ್ಯಾರ್ಥಿ ತಂಡಗಳು. ಕ್ರಮವಾಗಿ ರೋಬಾಟ್, ಸ್ವಯಂಚಾಲನೆ ಮತ್ತು ಸೌರ ವಾಹನಗಳು ಇವುಗಳ ಕ್ಷೇತ್ರ. ಪರೀಕ್ಷಿತ್ ಎಂಬ ತಂಡ ಕಿರು ಉಪಗ್ರಹದ ವಿನ್ಯಾಸದಲ್ಲಿ ತೊಡಗಿದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ನಿಟ್ಟೆ ಮಹಾಲಿಂಗ ಅಡ್ಯಂತಾಯ ಸ್ಮಾರಕ ತಾಂತ್ರಿಕ ಸಂಸ್ಥೆ ಮತ್ತು ಕಾಪು ತಾಲೂಕಿನ ಬಂಟಕಲ್ಲಿನಲ್ಲಿ 2010ರಲ್ಲಿ ಆರಂಭವಾದ ಶ್ರೀ ಮಧ್ವ ವಾದಿರಾಜ ತಾಂತ್ರಿಕ ಸಂಸ್ಥೆ ಜಿಲ್ಲೆಯ ಇತರ ಕಾಲೇಜುಗಳಲ್ಲಿ ಸೇರಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಆಯ್ದ ಯೋಜನೆಗಳಿಗೆ ಧನಸಹಾಯ ನೀಡುತ್ತಿದೆ. ಶಾಲಾ ಹಂತದಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸುತ್ತಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ. 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳು ಇಲ್ಲಿ ಮೈಕ್ರೋಕಂಟ್ರೋಲರ್ ಬೋರ್ಡ್, ಸಂವೇದಕ ಮತ್ತು ಮೂರು ಆಯಾಮದ ಮುದ್ರಕಗಳನ್ನು ಬಳಸಿ ಕಲಿಯುತ್ತಾರೆ.

ರಾಜ್ಯದಲ್ಲಿ ಬಿಡಿಭಾಗಗಳ ಅತಿ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಎಸ್.ಪಿ. ರಸ್ತೆ. ಸಣ್ಣ ಊರುಗಳ ಹವ್ಯಾಸಿಗಳು ಹೆಚ್ಚಾಗಿ ಅಂತರಜಾಲ ಮಳಿಗೆಗಳಿಂದ ಬಿಡಿಭಾಗಗಳನ್ನು ತರಿಸಿಕೊಳ್ಳುತ್ತಾರೆ.

ನೀರಿನ ಟ್ಯಾಂಕಿ ಮತ್ತು ಪಂಪು

ಬಾವಿಯಿಂದ ಮಹಡಿಯ ಟ್ಯಾಂಕಿಗೆ ನೀರೆತ್ತುವ ಮನೆಗಳು ಕರಾವಳಿಯಲ್ಲಿ ಬಹಳ. ಟ್ಯಾಂಕಿ ತುಂಬಿದಾಗ ಪಂಪನ್ನು ನಿಲ್ಲಿಸುವ ಸಾಧನ ಆದ್ದರಿಂದ ಆರಂಭಿಕರ ಮೆಚ್ಚಿನ ಯೋಜನೆ. ಟ್ಯಾಂಕಿಯ ಮುಚ್ಚಳಕ್ಕೆ ಜೋಡಿಸಿದ ಶ್ರವಣಾತೀತ ಸಂವೇದಕ ಧ್ವನಿತರಂಗವನ್ನು ಕೆಳಕ್ಕೆ ಕಳುಹಿಸುತ್ತದೆ. ನೀರಿನ ಮೇಲ್ಮೈಗೆ ತಾಗಿ ಪ್ರತಿಧ್ವನಿ ಮರಳುವ ಕಾಲವನ್ನು ಬೋರ್ಡ್ ಅಳೆಯುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್; 30 ಡಿಗ್ರಿಯಲ್ಲಿ ಸುಮಾರು 349 ಮೀಟರ್. ಒಂದು ಮೀಟರ್ ಆಳದ ಅಳತೆಯಲ್ಲಿ ಇದರಿಂದ ಸುಮಾರು 2 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡಿದ ಎಚ್‌ಸಿ-ಎಸ್‌ಆರ್04 ಸಂವೇದಕ ಟ್ಯಾಂಕಿಯೊಳಗಿನ ತೇವಕ್ಕೆ ಬಹುಬೇಗ ಕೆಡುತ್ತದೆ. ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಜಲನಿರೋಧಕ ಮಾದರಿ ಇದಕ್ಕೆ ಪರ್ಯಾಯ. ಅದು ತೀರ ಸಮೀಪದ, ಅಂದರೆ ಸುಮಾರು 20 ಸೆಂಟಿಮೀಟರಿನೊಳಗಿನ ಮೇಲ್ಮೈಯನ್ನು ಅಳೆಯಲಾರದು. ಆದ್ದರಿಂದ ತುಂಬಿದ ಟ್ಯಾಂಕಿಯ ನೀರಿನ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿ ಅದನ್ನು ಅಳವಡಿಸಬೇಕು. ಸರಳ ತೇಲು ಸ್ವಿಚ್ಚನ್ನು ಎರಡನೆಯ ರಕ್ಷಣೆಯಾಗಿ ಇಡುವುದು ವಾಡಿಕೆ.

ಅಡಿಕೆ ತೋಟಗಳಿಗೆ ನೀರುಣಿಸುವ ಯೋಜನೆಗಳಲ್ಲಿ ಮಣ್ಣಿನ ತೇವಾಂಶ ಸಂವೇದಕ ಬಳಕೆಯಾಗುತ್ತದೆ. ಎರಡು ಕಡ್ಡಿಗಳ ಅಗ್ಗದ ಸಂವೇದಕಕ್ಕೆ ನಿರಂತರವಾಗಿ ವಿದ್ಯುತ್ ಹರಿಸಿದರೆ ವಿದ್ಯುದ್ವಿಭಜನೆಯಿಂದ ಲೋಹದ ಲೇಪ ಕರಗಿಹೋಗುತ್ತದೆ. ಅಳೆಯುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಕೊಡುವುದು ಅಥವಾ ಲೋಹ ಮಣ್ಣಿಗೆ ತಾಗದ ಧಾರಕ ಬಗೆಯ ಸಂವೇದಕ ಬಳಸುವುದು ಇದಕ್ಕೆ ಪರಿಹಾರ.

ಉಪ್ಪುನೀರು ಮತ್ತು ಕಿಂಡಿ ಅಣೆಕಟ್ಟುಗಳು

ಬೇಸಿಗೆಯಲ್ಲಿ ನದಿಗಳ ಹರಿವು ಕ್ಷೀಣಿಸಿದಾಗ ಸಮುದ್ರದ ಉಪ್ಪುನೀರು ಅಳಿವೆಗಳ ಮೂಲಕ ಒಳನುಗ್ಗಿ ಬಾವಿ ಮತ್ತು ಗದ್ದೆಗಳನ್ನು ಬಾಧಿಸುತ್ತದೆ. ಇದನ್ನು ತಡೆಯಲು ಮತ್ತು ಸಿಹಿನೀರು ಹಿಡಿದಿಡಲು ಕರಾವಳಿಯಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಇವುಗಳಿಗೆ ಹಲಗೆ ಹಾಕಿ, ಮುಂದಿನ ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ. ಬಾವಿ ನೀರಿನ ಉಪ್ಪಿನಂಶವನ್ನು ಅಳೆಯುವ ವಿದ್ಯುದ್ವಾಹಕತೆ ಸಂವೇದಕ ಮತ್ತು ಅಣೆಕಟ್ಟಿನ ನೀರಿನ ಮಟ್ಟ ಅಳೆಯುವ ಸಾಧನ ಹೀಗೆ ಸ್ಥಳೀಯ ಅಗತ್ಯಕ್ಕೆ ಹೊಂದುವ ಯೋಜನೆಗಳು. ನೀರಿನ ಉಷ್ಣಾಂಶ ಏರಿದಂತೆ ವಾಹಕತೆಯೂ ಪ್ರತಿ ಡಿಗ್ರಿಗೆ ಸುಮಾರು ಶೇ. 2ರಷ್ಟು ಏರುವುದರಿಂದ ಜೊತೆಗೆ ಉಷ್ಣಾಂಶವನ್ನೂ ಅಳೆದು ತಿದ್ದುಪಡಿ ಮಾಡದಿದ್ದರೆ ಫಲಿತಾಂಶ ತಪ್ಪುದಾರಿ ಹಿಡಿಸುತ್ತದೆ. ವೈಫೈ ಇಲ್ಲದ ಕಡೆ ಲೋರಾ ಎಂಬ ದೂರವ್ಯಾಪ್ತಿಯ ರೇಡಿಯೊ ತಂತ್ರ ಬಳಸಬಹುದು. ಭಾರತದಲ್ಲಿ ಇದಕ್ಕೆ 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಪರವಾನಗಿರಹಿತ ಪಟ್ಟಿ ಇದೆ.

ಕಂಬಳದ ಕಾಲಮಾಪನ

ಕರಾವಳಿಯ ಕೋಣಗಳ ಓಟವಾದ ಕಂಬಳದಲ್ಲಿ ಗುರಿ ಮುಟ್ಟಿದ ಕ್ಷಣವನ್ನು ಗುರುತಿಸಲು ಲೇಸರ್ ಕಿರಣದ ವ್ಯವಸ್ಥೆ ಬಳಕೆಗೆ ಬಂದಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಇದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10.46 ಮೀಟರ್. ಅಂದರೆ ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಕೋಣಗಳು ಸುಮಾರು 10 ಸೆಂಟಿಮೀಟರ್ ಮುಂದೆ ಸಾಗುತ್ತವೆ.

ಎರಡು ಲೇಸರ್ ಕಿರಣ, ಎರಡು ಬೆಳಕಿನ ಸಂವೇದಕ ಮತ್ತು ಒಂದು ಬೋರ್ಡಿನಿಂದ ಇಂತಹ ಕಾಲಮಾಪಕದ ಮಾದರಿಯನ್ನು ಶಾಲೆಯಲ್ಲಿಯೂ ತಯಾರಿಸಬಹುದು. ಮೊದಲ ಕಿರಣ ಕಡಿದಾಗ ಎಣಿಕೆ ಆರಂಭವಾಗಿ ಎರಡನೆಯದು ಕಡಿದಾಗ ನಿಲ್ಲುತ್ತದೆ. ಊನೊದ ಮೈಕ್ರೊಸೆಕೆಂಡ್ ಎಣಿಕೆ 4 ಮೈಕ್ರೊಸೆಕೆಂಡಿನ ಹಂತಗಳಲ್ಲಿ ಸಾಗುತ್ತದೆ. ಹಾಗೆಂದು ಫಲಿತಾಂಶವೂ ಅಷ್ಟೇ ನಿಖರವೆಂದು ಭಾವಿಸುವುದು ತಪ್ಪು. ಊನೊ ಮೂರನೆಯ ಆವೃತ್ತಿಯ ಮುಖ್ಯ ಚಿಪ್ಪಿಗೆ ಗಡಿಯಾರ ಸಂಕೇತ ನೀಡುವ ಸೆರಾಮಿಕ್ ಅನುನಾದಕದಲ್ಲಿ ಶೇ. 0.5ರವರೆಗೆ ವ್ಯತ್ಯಾಸ ಇರಬಹುದು. 13.62 ಸೆಕೆಂಡಿನಲ್ಲಿ ಅದು 0.07 ಸೆಕೆಂಡಿನಷ್ಟಾಗುತ್ತದೆ. ಒಂದೇ ಬೋರ್ಡಿನಿಂದ ಎರಡು ಜೋಡಿಗಳನ್ನು ಹೋಲಿಸಿದರೆ ಗೆದ್ದವರಾರು ಎಂಬುದು ಬದಲಾಗದು. ಬೇರೆ ಬೇರೆ ಬೋರ್ಡುಗಳಲ್ಲಿ ಅಳೆದ ಎರಡು ಕಂಬಳಗಳ ದಾಖಲೆಗಳನ್ನು ಹೋಲಿಸುವಾಗ ಈ ವ್ಯತ್ಯಾಸ ನಿರ್ಣಾಯಕ. ಸ್ಫಟಿಕ ಆಂದೋಲಕವಿರುವ ಬೋರ್ಡ್ ಬಳಸಿದರೆ ದೋಷ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕೆಸರುನೀರಿನ ಹನಿಗಳು ಕಿರಣವನ್ನು ಕ್ಷಣಕಾಲ ಕಡಿಯುವ ಸಾಧ್ಯತೆ ಇರುವುದರಿಂದ ಕಿರಣದ ಎತ್ತರವನ್ನೂ ಕನಿಷ್ಠ ಕಡಿತಾವಧಿಯನ್ನೂ ಪ್ರಯೋಗದಿಂದ ನಿರ್ಧರಿಸಬೇಕಾಗುತ್ತದೆ.

ಹವಾಮಾನದ ಸವಾಲುಗಳು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಕಾಪು, ಮಲ್ಪೆ ಮತ್ತು ಪಡುಬಿದ್ರಿಯಂತಹ ಕಡಲ ತಡಿಯ ಊರುಗಳಲ್ಲಿ ಉಪ್ಪಿನಂಶವಿರುವ ಗಾಳಿ ತಾಮ್ರದ ಗೆರೆ ಮತ್ತು ಪಿನ್ನುಗಳನ್ನು ಕ್ಷಯಿಸುತ್ತದೆ. ಬ್ರೆಡ್‌ಬೋರ್ಡಿನ ಸ್ಪ್ರಿಂಗ್ ಸಂಪರ್ಕಗಳು ಇಲ್ಲಿ ಮೊದಲು ಸೋಲುತ್ತವೆ. ಆದ್ದರಿಂದ ಹೊರಾಂಗಣದಲ್ಲಿಡುವ ಸಾಧನದ ಭಾಗಗಳನ್ನು ಬೆಸುಗೆ ಹಾಕಿ, ಮಂಡಲಕ್ಕೆ ರಕ್ಷಕ ಲೇಪ ಬಳಿದು, ರಬ್ಬರ್ ಅಂಚಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ತಂತಿಗಳು ಪೆಟ್ಟಿಗೆಯ ತಳಭಾಗದಿಂದ ಒಳಹೋದರೆ ನೀರು ತಂತಿಯ ಮೂಲಕ ಇಳಿದು ಬರುವುದಿಲ್ಲ. ಪೆಟ್ಟಿಗೆಯೊಳಗಿನ ಸಿಲಿಕಾ ಜೆಲ್ ಪೊಟ್ಟಣವನ್ನು ಆಗಾಗ ಬದಲಿಸಬೇಕು.

ಮುಂಗಾರಿಗೆ ಮೊದಲಿನ ಮತ್ತು ಹಿಂಗಾರಿನ ಗುಡುಗು ಮಳೆಗಳಲ್ಲಿ ಸಿಡಿಲಿನ ಅಪಾಯ ಹೆಚ್ಚು. ತೋಟದಿಂದ ಮನೆಗೆ ಎಳೆದ ಉದ್ದನೆಯ ಸಂವೇದಕ ತಂತಿ, ಸಿಡಿಲು ಸಮೀಪದಲ್ಲಿ ಬಡಿದಾಗ ಪ್ರೇರಿತ ವಿದ್ಯುತ್ತನ್ನು ನೇರವಾಗಿ ಬೋರ್ಡಿಗೆ ತಲುಪಿಸುತ್ತದೆ. ನಿಸ್ತಂತು ಸಂಪರ್ಕ ಮತ್ತು ಬ್ಯಾಟರಿ ಬಳಸಿದರೆ ಈ ದಾರಿ ತಪ್ಪುತ್ತದೆ.

ವಿದ್ಯುತ್ ಸುರಕ್ಷತೆ

5 ವೋಲ್ಟಿನ ಪ್ರಯೋಗದಲ್ಲಿ ಆಗುವ ತಪ್ಪಿನಿಂದ ಬೋರ್ಡ್ ಸುಡಬಹುದು. 230 ವೋಲ್ಟಿನ ಗೃಹ ವಿದ್ಯುತ್ತಿನಲ್ಲಿ ಆಗುವ ತಪ್ಪಿನಿಂದ ಪ್ರಾಣ ಹೋಗಬಹುದು. ಬೋರ್ಡಿನೊಂದಿಗೆ ಸಿಗುವ ನೀಲಿ ಬಣ್ಣದ ರಿಲೇ ಮಾಡ್ಯೂಲಿನ ಮೇಲೆ 250 ವೋಲ್ಟ್, 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಅಶ್ವಶಕ್ತಿಯ ಪಂಪು ಓಡುವಾಗ ಇದಕ್ಕಿಂತ ಕಡಿಮೆ ವಿದ್ಯುತ್ ಎಳೆದರೂ ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆಗ ರಿಲೇಯ ಸಂಪರ್ಕಗಳು ಕರಗಿ ಅಂಟಿಕೊಂಡರೆ, ಪ್ರೋಗ್ರಾಮ್ ಬಂದ್ ಮಾಡಲು ಆದೇಶಿಸಿದರೂ ಪಂಪು ನಿಲ್ಲುವುದಿಲ್ಲ. ಆದುದರಿಂದ ಸಣ್ಣ ರಿಲೇಯಿಂದ ಕಾಂಟ್ಯಾಕ್ಟರನ್ನು, ಕಾಂಟ್ಯಾಕ್ಟರಿನಿಂದ ಪಂಪನ್ನು ನಡೆಸುವುದು ಸರಿಯಾದ ಕ್ರಮ.

ಪಾಲಿಸಬೇಕಾದ ಇತರ ನಿಯಮಗಳು:

- ಗೃಹ ವಿದ್ಯುತ್ತಿನ ಜೋಡಣೆಯನ್ನು ಅನುಮತಿ ಪಡೆದ ಎಲೆಕ್ಟ್ರಿಶಿಯನ್ ಮಾಡಬೇಕು. ವಿದ್ಯಾರ್ಥಿಗಳು 12 ವೋಲ್ಟಿನ ಪುಟ್ಟ ಪಂಪಿನಿಂದ ಪ್ರಯೋಗ ನಡೆಸುವುದು ಲೇಸು.
- ಪಂಪಿನ ಮಾರ್ಗದಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಮತ್ತು ಸರಿಯಾದ ಭೂಸಂಪರ್ಕ ಇರಬೇಕು.
- ಟ್ಯಾಂಕಿಯೊಳಗೆ ಹೋಗುವ ತಂತಿಗಳಲ್ಲಿ ಪ್ರತ್ಯೇಕಿಸಿದ ಕಡಿಮೆ ಒತ್ತಡ ಮಾತ್ರ ಇರಬೇಕು.
- ವಿದ್ಯುತ್ ಹೋಗಿ ಬಂದಾಗ ಪಂಪು ಬಂದ್ ಸ್ಥಿತಿಯಲ್ಲಿಯೇ ಇರುವಂತೆ ಪ್ರೋಗ್ರಾಮ್ ಬರೆಯಬೇಕು. ಸಂವೇದಕದಿಂದ ಉತ್ತರ ಬಾರದಿದ್ದರೂ ಪಂಪು ನಿಲ್ಲಬೇಕು.
- ಪ್ರೋಗ್ರಾಮ್ ಸಿಲುಕಿಕೊಂಡರೆ ಚಿಪ್ಪನ್ನು ತಾನಾಗಿ ಮರುಪ್ರಾರಂಭಿಸುವ ವಾಚ್‌ಡಾಗ್ ಟೈಮರನ್ನು ಬಳಸಬೇಕು.
- ಲಿಥಿಯಂ ಬ್ಯಾಟರಿಗೆ ರಕ್ಷಣಾ ಮಂಡಲ ಮತ್ತು ಅದಕ್ಕೆಂದೇ ತಯಾರಿಸಿದ ಚಾರ್ಜರ್ ಕಡ್ಡಾಯ.

ಕನ್ನಡ ಲಿಪಿಯ ಪ್ರದರ್ಶನ

ಹವ್ಯಾಸಿ ಯೋಜನೆಗಳಲ್ಲಿ ಬಳಸುವ 16 ಅಕ್ಷರಗಳ ಎರಡು ಸಾಲಿನ ಎಲ್‌ಸಿಡಿ ಪರದೆಯ ನಿಯಂತ್ರಕದಲ್ಲಿ ಕನ್ನಡ ಅಕ್ಷರಗಳಿಲ್ಲ. ಬಳಕೆದಾರರು ಅದರಲ್ಲಿ ಏಕಕಾಲಕ್ಕೆ 8 ಸ್ವಂತ ಆಕೃತಿಗಳನ್ನು ರಚಿಸಬಹುದು. ಪ್ರತಿಯೊಂದರ ಚೌಕಟ್ಟು 5 ಅಡ್ಡ ಮತ್ತು 8 ಉದ್ದ ಚುಕ್ಕೆಗಳಷ್ಟೇ ಆದುದರಿಂದ ಒತ್ತಕ್ಷರಗಳಿಗೆ ಅದು ಸಾಲದು.

ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಉಡುಪಿ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರಾದರೂ ಗುಣಿತ ಚಿಹ್ನೆಗಳನ್ನೂ ಸೇರಿಸಿ ಸಂಕೇತಗಳು ಐದು. ಆದ್ದರಿಂದ ಅದು 15 ಬೈಟ್ ಆಕ್ರಮಿಸುತ್ತದೆ. ಸಂಕೇತಗಳನ್ನು ಕೂಡಿಸಿ ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಆಕೃತಿ ಮೂಡಿಸುವ ತಂತ್ರಾಂಶ ಗಣಕ ಮತ್ತು ಮೊಬೈಲ್‌ಗಳಲ್ಲಿದೆ. ಪುಟ್ಟ ಬೋರ್ಡುಗಳ ಸಾಮಾನ್ಯ ಪರದೆ ಗ್ರಂಥಾಲಯಗಳಲ್ಲಿ ಇಲ್ಲ. ಬೇಕಾದ ಪದಗಳನ್ನು ಗಣಕದಲ್ಲಿಯೇ ಚಿತ್ರವಾಗಿ ಪರಿವರ್ತಿಸಿ, 128 ಅಡ್ಡ ಮತ್ತು 64 ಉದ್ದ ಚುಕ್ಕೆಗಳ ಓಎಲ್‌ಇಡಿ ಪರದೆಯಲ್ಲಿ ತೋರಿಸುವುದು ಸುಲಭ ಮಾರ್ಗ. ಇಡೀ ಪರದೆಯ ಒಂದು ಚಿತ್ರಕ್ಕೆ 1024 ಬೈಟ್ ಬೇಕಾಗುತ್ತದೆ. ಊನೊದ ಕಾರ್ಯಸ್ಮೃತಿಯ ಅರ್ಧ ಭಾಗ ಇದಕ್ಕೇ ವ್ಯಯವಾಗುವುದರಿಂದ ಚಿತ್ರಗಳನ್ನು ಫ್ಲ್ಯಾಶ್ ಸ್ಮೃತಿಯಲ್ಲಿಡಬೇಕು. ವೈಫೈ ಇರುವ ಬೋರ್ಡುಗಳಲ್ಲಿ ಪರದೆಯನ್ನೇ ಕೈಬಿಟ್ಟು, ಬೋರ್ಡ್ ಒದಗಿಸುವ ಕನ್ನಡ ಜಾಲಪುಟವನ್ನು ಮೊಬೈಲಿನಲ್ಲಿ ತೆರೆಯಬಹುದು. ಆಗ ಅಕ್ಷರ ಮೂಡಿಸುವ ಕೆಲಸವನ್ನು ಮೊಬೈಲೇ ನಿರ್ವಹಿಸುತ್ತದೆ. ಇಂಗ್ಲಿಷ್ ಓದಲು ಬಾರದ ಕೃಷಿಕರಿಗೂ ಹಿರಿಯರಿಗೂ ಸಾಧನದ ಎಚ್ಚರಿಕೆಗಳು ತಿಳಿಯಬೇಕಾದರೆ ಈ ಭಾಗ ಮುಖ್ಯ.

ಮಿತಿಗಳು

ಅಭಿವೃದ್ಧಿ ಬೋರ್ಡುಗಳು ಮಾದರಿ ತಯಾರಿಕೆಗೆ ಉದ್ದೇಶಿಸಿದವು. ಸಾವಿರಾರು ಸಂಖ್ಯೆಯಲ್ಲಿ ತಯಾರಿಸುವ ಉತ್ಪನ್ನಕ್ಕೆ ಚಿಪ್ಪನ್ನು ಮಾತ್ರ ಬಳಸಿ ಪ್ರತ್ಯೇಕ ಮಂಡಲ ರೂಪಿಸುವುದು ಅಗ್ಗ. ಬ್ಯಾಟರಿ ಬಳಕೆಯಲ್ಲಿಯೂ ವ್ಯತ್ಯಾಸವಿದೆ. ಇಎಸ್‌ಪಿ32 ಚಿಪ್ ಗಾಢ ನಿದ್ರಾಸ್ಥಿತಿಯಲ್ಲಿ ಸುಮಾರು 10 ಮೈಕ್ರೊಆಂಪಿಯರ್ ಮಾತ್ರ ಬಳಸಿದರೂ ಬೋರ್ಡಿನ ಮೇಲಿನ ಒತ್ತಡ ನಿಯಂತ್ರಕ, ಯುಎಸ್‌ಬಿ ಚಿಪ್ ಮತ್ತು ಸೂಚಕ ದೀಪ ಅದರ ಅನೇಕ ಪಟ್ಟು ವ್ಯಯಿಸುತ್ತವೆ. ಅಗ್ಗದ ಸಂವೇದಕಗಳ ನಿಖರತೆಯೂ ಸೀಮಿತ. ಡಿಎಚ್‌ಟಿ11 ಸಂವೇದಕದ ಉಷ್ಣಾಂಶದಲ್ಲಿ 2 ಡಿಗ್ರಿಯಷ್ಟೂ ತೇವಾಂಶದಲ್ಲಿ ಶೇ. 5ರಷ್ಟೂ ದೋಷ ಇರಬಹುದು. ಅದರ ಅಳತೆಯ ವ್ಯಾಪ್ತಿ ಶೇ. 90ರ ತೇವಾಂಶಕ್ಕೆ ಮುಗಿಯುತ್ತದೆ; ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಈ ಮಿತಿಯನ್ನು ಹಲವು ದಿನ ದಾಟುತ್ತದೆ.

ಸಿದ್ಧ ಕಿಟ್ ಮತ್ತು ಸಿದ್ಧ ಪ್ರೋಗ್ರಾಮುಗಳು ಸುಲಭವಾಗಿ ಸಿಗುವುದರಿಂದ, ಅರ್ಥಮಾಡಿಕೊಳ್ಳದೆ ಅವುಗಳನ್ನು ಜೋಡಿಸಿ ಕಾಲೇಜಿಗೆ ಒಪ್ಪಿಸುವ ಸಾಧ್ಯತೆಯೂ ಇದೆ. ಸಾಧನ ಕೆಟ್ಟಾಗ ಕಾರಣ ಹುಡುಕುವ ಸಾಮರ್ಥ್ಯ ಇದರಿಂದ ಬೆಳೆಯುವುದಿಲ್ಲ. ಮಲ್ಟಿಮೀಟರಿನಿಂದ ಒತ್ತಡ ಅಳೆಯುವುದು, ಸೀರಿಯಲ್ ಮಾನಿಟರಿನಲ್ಲಿ ಮಧ್ಯಂತರ ಬೆಲೆಗಳನ್ನು ಪರೀಕ್ಷಿಸುವುದು ಮತ್ತು ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸುವುದು ದೋಷ ಪತ್ತೆಯ ಮೂಲ ಕ್ರಮಗಳು.

ಇವನ್ನೂ ನೋಡಿ

- ಮೈಕ್ರೋಕಂಟ್ರೋಲರ್
- ಆರ್ಡುಯಿನೊ
- ರಾಸ್ಪ್‌ಬೆರಿ ಪೈ
- ವಸ್ತುಗಳ ಅಂತರಜಾಲ
- ಮುಕ್ತ ಯಂತ್ರಾಂಶ
- ಮಣಿಪಾಲ
- ಕಂಬಳ
- ಉಡುಪಿ ಜಿಲ್ಲೆ